ಕೆರಿಯರ್ ಅನುದಾನವೋ, ಮಾಮೂಲಿ ಅನುದಾನವೋ?

ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಶುರುವಾದದ್ದು 1950ರಲ್ಲಿ. ಅದು ತಾನೇ ಲ್ಯಾಬ್ ನಡೆಸುವುದಿಲ್ಲ. ಬೇರೆ ಕಡೆ ಕೆಲಸ ಮಾಡುವ ಸಂಶೋಧಕರಿಗೆ ಹಣ ಕೊಡುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹೊಸದಾಗಿ ಅಸಿಸ್ಟೆಂಟ್ ಪ್ರೊಫೆಸರ್ ಆದವರು ಸಾಮಾನ್ಯವಾಗಿ ಅದರ ಎರಡು ಬಗೆಯ ಅನುದಾನಗಳ ನಡುವೆ ತೂಗುತ್ತಾರೆ: ವೃತ್ತಿಯ ಶುರುವಿನಲ್ಲಿರುವವರಿಗೆಂದೇ ಇರುವ ಕೆರಿಯರ್ ಅನುದಾನ, ಇಲ್ಲವೇ ಮಾಮೂಲಿ ಸಂಶೋಧನಾ ಅನುದಾನ.

ಕೆರಿಯರ್ ಅನುದಾನ 5 ವರ್ಷದ್ದು. ಹೆಚ್ಚಿನ ವಿಭಾಗಗಳಲ್ಲಿ ಕನಿಷ್ಠ 4 ಲಕ್ಷ ಡಾಲರ್. ಮೂಲ ವಿಜ್ಞಾನಕ್ಕೆ ಇಷ್ಟು ಸಮಯ ಸಿಗುವುದು ದೊಡ್ಡ ವಿಷಯ, ಅಲ್ವಾ? ಎರಡನೇ ವರ್ಷ ಪ್ರಯೋಗ ಕೈಕೊಟ್ಟರೂ ಚೇತರಿಸಿಕೊಳ್ಳಬಹುದು. ಆದರೆ ಷರತ್ತುಗಳು ಜಾಸ್ತಿ. ಕೆಲಸ ಖಾಯಂ ಆಗುವ ಮುಂಚೆಯೇ ಅರ್ಜಿ ಹಾಕಬೇಕು. ಒಟ್ಟು 3 ಸಲ ಮಾತ್ರ ಅವಕಾಶ. ಅರ್ಜಿಯಲ್ಲಿ ಇನ್ನೊಬ್ಬ ಮುಖ್ಯ ಸಂಶೋಧಕರು ಇರುವಂತಿಲ್ಲ. ಪಾಠ ಹೇಳುವ ಯೋಜನೆಯೂ ಸಂಶೋಧನೆಯ ಜೊತೆ ಹೆಣೆದುಕೊಂಡಿರಬೇಕು. ಸುಮ್ನೆ ಕೊನೆಗೆ ಅಂಟಿಸಿದರೆ ಅರ್ಜಿ ಓದಿ ಅಳೆಯುವವರಿಗೆ ಗೊತ್ತಾಗಿಬಿಡುತ್ತದೆ.

ಮಾಮೂಲಿ ಅನುದಾನ ಹೆಚ್ಚಾಗಿ 3 ವರ್ಷದ ಆಸುಪಾಸಿನದು. ಜೊತೆಗಾರರನ್ನು ಸೇರಿಸಿಕೊಳ್ಳಬಹುದು. ಎಷ್ಟೋ ಕಾರ್ಯಕ್ರಮಗಳಿಗೆ ಕೊನೆಯ ದಿನಾಂಕವೇ ಇಲ್ಲ.

ಅಳೆಯುವ ಮೂಲ ಅಳತೆಗೋಲು ಎರಡಕ್ಕೂ ಒಂದೇ: ವಿಚಾರದಲ್ಲಿ ಎಷ್ಟು ಹುರುಳಿದೆ, ಸಮಾಜಕ್ಕೆ ಏನು ಉಪಯೋಗ.

ಶುರುವಿನ ಫಲಿತಾಂಶಗಳು ಇನ್ನೂ ಕೈಗೆ ಬಂದಿಲ್ಲವೇ? ಹಾಗಿದ್ದರೆ ಆ ಮೂರರಲ್ಲಿ ಒಂದು ಅವಕಾಶವನ್ನು ಈಗಲೇ ಕಳೆದುಕೊಳ್ಳಬೇಡಿ. ಮೊದಲು ಮಾಮೂಲಿ ಅನುದಾನಕ್ಕೆ ಬರೆಯಿರಿ.