ನಾಲ್ಕು ಮೂಲೆ ಜಾಗಕ್ಕೆ ಪೈಥಾಗೊರಸ್ಸಾ, ಕೊಸೈನ್ ರೂಲಾ?

ಜಾಗದ ಗೊತ್ತಿಲ್ದಿರೋ ಬದಿಯೋ ಕರ್ಣನೋ (ಎದುರು ಮೂಲೆಗಳನ್ನ ಸೇರಿಸೋ ಗೆರೆ) ಎಷ್ಟುದ್ದ ಅಂತ ಕಂಡುಹಿಡಿಯೋಕೆ ಹಾಸನದಲ್ಲಿರೋ ಸೈಟಿಗೂ ಸಕಲೇಶಪುರದ ಕಾಫಿ ತೋಟಕ್ಕೂ ಒಂದೇ ಲೆಕ್ಕ ನಡೆಯಲ್ಲ. ಜಾಗನ ತ್ರಿಕೋನಗಳಾಗಿ ಒಡೀಬೇಕು ಅನ್ನೋದು ಎರಡಕ್ಕೂ ಸರಿ, ಒಡೆಯೋ ರೀತಿ ಬೇರೆ.

ಸೈಟಿಗೆ ಪೈಥಾಗೊರಸ್ ಸಾಕು. ಎದುರುಬದುರಿನ ಎರಡು ಬದಿ ಸಮಾನಾಂತರ, 14 ಮೀಟರು ಮತ್ತು 20 ಮೀಟರು, ಅವೆರಡಕ್ಕೂ ಲಂಬವಾಗಿರೋ ಬದಿ 8 ಅಂದ್ಕೊಳ್ಳಿ, 14ರ ಬದಿಯ ಓರೆ ಕಡೆ ತುದಿಯಿಂದ 20ರ ಬದಿಗೆ ಒಂದು ಲಂಬ ಇಳಿಸಿದ್ರೆ 6 (20ರಲ್ಲಿ 14 ಕಳೆದದ್ದು) ಮತ್ತು 8ರ ಲಂಬಕೋನ ತ್ರಿಕೋನ ಸಿಗುತ್ತೆ, ಓರೆ ಬದಿ 10. ಎಸ್ಸೆಸ್ಸೆಲ್ಸಿ ಹುಡುಗ್ರೂ ಮಾಡ್ತಾರೆ.

ತೋಟದ ಬೇಲಿಲಿ 90 ಡಿಗ್ರಿ ಎಲ್ಲಿ ಹುಡುಕ್ತೀರಾ? ಅಲ್ಲಿ ಕೊಸೈನ್ ರೂಲು, ಅಂದ್ರೆ ಎರಡು ಬದಿ, ಅವುಗಳ ನಡುವಿನ ಕೋನ ಗೊತ್ತಿದ್ರೆ ಮೂರನೇ ಬದಿ ಕೊಡೋ ಸೂತ್ರ. 50 ಮತ್ತು 80 ಮೀಟರ್ ಬದಿಗಳ ನಡುವೆ 60 ಡಿಗ್ರಿ ಇದ್ರೆ ಎರಡರ ವರ್ಗ ಕೂಡ್ಸಿದ್ರೆ 8900, ಅದ್ರಲ್ಲಿ 2 × 50 × 80 × 0.5 (60 ಡಿಗ್ರಿಯ ಕೊಸೈನ್ 0.5), ಅಂದ್ರೆ 4000 ಕಳೆದ್ರೆ 4900, ಅದರ ವರ್ಗಮೂಲನೇ, ಕರ್ಣ 70 ಮೀಟರು. ಆಚೆ ಕಡೆ ತ್ರಿಕೋನಕ್ಕೂ ಅದೇ ಕರ್ಣ ಒಂದು ಬದಿ ಆಗುತ್ತಲ್ಲ, ಹಂಗೇ ಮುಂದುವರಿಸ್ಬೋದು. ಆದ್ರೆ ಕೋನ ಕಣ್ಣಂದಾಜಲ್ಲಿ ಬರೀಬೇಡಿ, 60 ಅಂದಿದ್ದು ನಿಜವಾಗ್ಲೂ 65 ಇದ್ರೆ ಕರ್ಣ 74 ದಾಟುತ್ತೆ.

ಕೋನ ಅಳೆಯೋ ಉಪಕರಣ ಇಲ್ವಾ, ನನ್ನ ಕೇಳಿದ್ರೆ ಕರ್ಣನೇ ಟೇಪಲ್ಲಿ ಅಳೀರಿ. ಬರೀ ನಾಲ್ಕು ಬದಿ ಗೊತ್ತಿದ್ರೆ ಆಕಾರ ನಿಲ್ಲಲ್ಲ, ಅದೇ ಬದಿಗಳನ್ನ ಇಟ್ಕೊಂಡೇ ಜಾಗ ಅಗಲಕ್ಕೂ ಎಳೀಬೋದು ಚಪ್ಪಟೆನೂ ಮಾಡ್ಬೋದು, ಐದನೇ ಅಳತೆ ಬೇಕೇ ಬೇಕು. ಇಳಿಜಾರಲ್ಲಿ ಟೇಪು ನೆಲಕ್ಕೆ ಅಂಟಿಸ್ದೆ ಮಟ್ಟವಾಗಿ ಹಿಡೀರಿ, ಇಲ್ಲಾಂದ್ರೆ ನಕ್ಷೆ ಅಳತೆಗಿಂತ ಜಾಸ್ತಿ ಬರುತ್ತೆ.