ಹಂದಿ ತಡೆಯುವ ಸೋಲಾರ್ ಬೇಲಿ ಕಿಟ್: ಯಂತ್ರ ಚೆನ್ನಾಗಿದೆ, ಅರ್ಥಿಂಗ್ ಸಾಲದು

ಭತ್ತ ಹಾಲುಗಟ್ಟುವ ಹೊತ್ತಿಗೆ ಕೊಡಗಿನ ಗದ್ದೆಗಳಿಗೆ ಕಾಡುಹಂದಿ ಇಳಿಯುತ್ತದೆ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಆದರೆ ಅದು ಬೇಟೆಗೆ ಕೊಟ್ಟ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಂದಿಗೂ ಅನ್ವಯಿಸುತ್ತದೆ. ಉರುಳಿಗೆ ಚಿರತೆಯೂ ಬೀಳುತ್ತದೆ. ಕರೆಂಟ್ ಲೈನಿನಿಂದ ನೇರ ತಂತಿ ಎಳೆದರೆ ಮನುಷ್ಯರೇ ಸಾಯುತ್ತಾರೆ, ಅದನ್ನು ಯಾರೂ ಮಾಡಬಾರದು. ಉಳಿದದ್ದು ಸೋಲಾರ್ ಬೇಲಿ. ಪ್ಯಾನೆಲ್, 26 ಆಂಪಿಯರ್-ಅವರ್ ಬ್ಯಾಟರಿ, ತಂತಿಗೆ ಶಾಕ್ ಕೊಡುವ ಯಂತ್ರವಾದ ಎನರ್ಜೈಸರ್, ತಂತಿ ಗೂಟಕ್ಕೆ ತಾಗದಂತೆ ಹಿಡಿಯುವ ಇನ್ಸುಲೇಟರ್, ನೆಲಕ್ಕೆ ಹೊಡೆಯುವ ಒಂದೇ ಒಂದು ಅರ್ಥ್ ರಾಡ್ ಇರುವ 12 ವೋಲ್ಟಿನ ಕಿಟ್ ಹೊಸಬರಿಗೂ ಕೊಳ್ಳಲು ಯೋಗ್ಯ. ಆದರೆ ಡಬ್ಬದಲ್ಲಿ ಬಂದಷ್ಟನ್ನೇ ಹಾಕಿ ಕೂತರೆ ಹಂದಿ ನಿಲ್ಲುವುದಿಲ್ಲ.

ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಅಕ್ಕಪಕ್ಕದ ಗದ್ದೆಯವರು ಸೇರಿ ಹಾಕುವುದು ಮೇಲು. ಚೌಕಾಕಾರದ ಒಂದು ಎಕರೆಗೆ ಸುತ್ತಳತೆ ಸುಮಾರು 255 ಮೀಟರ್. ನಾಲ್ವರು ಬೇರೆ ಬೇರೆ ಹಾಕಿದರೆ 1020 ಮೀಟರ್, ನಾಲ್ಕೂ ಎಕರೆ ಒಟ್ಟಾಗಿ ಸುತ್ತಿದರೆ 510. ಆ 510 ಮೀಟರಿಗೆ ಮೂರು ಎಳೆ ಎಳೆಯಲು 2.5 ಮಿಮೀ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ 60 ಕೆಜಿ ಬೇಕು. ಗಂಟು, ಗೇಟಿಗೆಂದು ಇನ್ನೈದು ಕೆಜಿ ಸೇರಿಸಿ. ದಿನಾ ಸಂಜೆ ವೋಲ್ಟೇಜ್ ನೋಡುವವರು ಯಾರು ಎಂದು ಮೊದಲೇ ಸರದಿ ಮಾಡಿಕೊಳ್ಳಿ. ಇಲ್ಲದಿದ್ದರೆ ಎಲ್ಲರ ಬೇಲಿ ಯಾರದ್ದೂ ಅಲ್ಲದ ಬೇಲಿಯಾಗುತ್ತದೆ.

ಎನರ್ಜೈಸರ್ ಬಗ್ಗೆ ದೂರಿಲ್ಲ. ಸುಮಾರು ಸೆಕೆಂಡಿಗೊಂದು ಮಿಡಿತ, ಹೊಡೆತ ಜೋರು, ಆದರೆ ಕ್ಷಣಿಕ. ಅದಕ್ಕೇ ಪ್ರಾಣಿ ಸಾಯದೆ ಹಿಂದೆ ಸರಿಯುತ್ತದೆ. ಕೊಳ್ಳುವಾಗ ಐಇಸಿ 60335-2-76 (ಬೇಲಿ ಎನರ್ಜೈಸರ್‌ಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ) ಗುರುತು ಇದೆಯೇ ನೋಡಿ.

ಸೋಲುವುದು ಅರ್ಥಿಂಗ್‌ನಲ್ಲಿ. ಶಾಕ್ ಹಂದಿಯ ಮೈಯಿಂದ ಮಣ್ಣಿಗಿಳಿದು ರಾಡ್ ಮೂಲಕ ಯಂತ್ರಕ್ಕೆ ಮರಳಬೇಕು. ಆ ದಾರಿ ಕೆಟ್ಟರೆ ಹಂದಿಗೆ ಬರೀ ಚುರುಕು ಮುಟ್ಟಿದಂತಾಗುತ್ತದೆ. ಬೇಕಾದದ್ದು ಒಂದೂವರೆ ಮೀಟರ್ ಉದ್ದದ ಮೂರು ಜಿಐ ರಾಡ್, ಮೂರು ಮೀಟರ್ ಅಂತರ, ತೇವವಿರುವ ಜಾಗ, ಮನೆಯ ಅರ್ಥ್‌ನಿಂದ ದೂರ. ಪರೀಕ್ಷೆ ಸುಲಭ: ಯಂತ್ರದಿಂದ ನೂರು ಮೀಟರ್ ಆಚೆ ಬೇಲಿಗೆ ಕಬ್ಬಿಣದ ಸರಳುಗಳನ್ನು ಒರಗಿಸಿ ವೋಲ್ಟೇಜನ್ನು 2000ಕ್ಕಿಂತ ಕೆಳಗಿಳಿಸಿ, ನಂತರ ಅರ್ಥ್ ರಾಡಿನ ಮೇಲೆ ಬೇಲಿಯ ವೋಲ್ಟ್‌ಮೀಟರ್ ಇಡಿ. 300 ವೋಲ್ಟ್ ಮೀರಿದರೆ ಇನ್ನೊಂದು ರಾಡ್ ಹೊಡೆಯಿರಿ.

ತಂತಿಯ ಎತ್ತರ ನೆಲದಿಂದ 20, 40, 65 ಸೆಂಟಿಮೀಟರ್. ಕೆಳಗಿನ ಎಳೆಯೇ ಜೀವಾಳ. ಹಂದಿಯ ಬಿರುಗೂದಲು ಶಾಕ್ ತಡೆಯುತ್ತದೆ, ಒದ್ದೆ ಮೂತಿ ತಡೆಯುವುದಿಲ್ಲ. ಮೂತಿಗೆ ತಾಗದೆ ಭುಜಕ್ಕೆ ತಾಗಿದರೆ ಬೆದರಿದ ಹಂದಿ ಮುಂದಕ್ಕೇ ನುಗ್ಗುತ್ತದೆ. ಏರಿ ಇಳಿಯುವ ಕಡೆ, ತೋಡು ದಾಟುವ ಕಡೆ ತಗ್ಗಿಗೊಂದು ಗೂಟ ಹೆಚ್ಚಿಗೆ ಹಾಕಿ. ಮರಿಗಳು ನುಸುಳುವುದು ಅಲ್ಲೇ. ಸಿಲ್ವರ್ ಓಕ್ ಮರಕ್ಕೆ ಇನ್ಸುಲೇಟರ್ ಇಲ್ಲದೆ ತಂತಿ ಬಿಗಿದರೆ ಮಳೆಗಾಲದಲ್ಲಿ ಕರೆಂಟ್ ತೊಗಟೆಯಲ್ಲೇ ಇಳಿದುಹೋಗುತ್ತದೆ. ಹುಲ್ಲು ತಾಗಿದರೂ ಅಷ್ಟೆ. ಬೇಲಿಯ ಕೊನೆಯಲ್ಲಿ 4000 ವೋಲ್ಟಿಗಿಂತ ಕಡಿಮೆ ಕಂಡರೆ ಮೊದಲು ಕತ್ತಿ ಹಿಡಿದು ಬುಡ ಸವರಿ, ಯಂತ್ರವನ್ನು ಆಮೇಲೆ ಬೈಯಿರಿ.

ಬ್ಯಾಟರಿಯದು ಎರಡನೇ ಕೊರತೆ. ಯಂತ್ರ 300 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 7.2 ಆಂಪಿಯರ್-ಅವರ್ ಖರ್ಚು. ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂದರೆ 26ರ ಬ್ಯಾಟರಿ ಬಿಸಿಲಿಲ್ಲದೆ ಎರಡು ದಿನವೂ ಬಾರದು. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಗೆ ಇದು ಏನೇನೂ ಸಾಲದು. 75ರದ್ದು ಹಾಕಿದರೆ ಐದು ದಿನ ನಡೆಯುತ್ತದೆ. ರಾತ್ರಿ ಮಾತ್ರ ಓಡಿಸಿದರೆ ಅದರ ಎರಡರಷ್ಟು. ಸಿಡಿಲಿಗೆ ಲೈಟ್ನಿಂಗ್ ಅರೆಸ್ಟರ್, ದಾರಿ ಬದಿಗೆ ಎಚ್ಚರಿಕೆ ಫಲಕ, ಇವೆರಡನ್ನು ಬೇರೆಯಾಗಿ ಕೊಳ್ಳಬೇಕು.

ಆನೆ ಓಡಾಡುವ ಕಡೆ ಇದನ್ನು ಆನೆಗೆಂದು ಕೊಳ್ಳಬೇಡಿ. ಈ ಎತ್ತರದ ತಂತಿ ಅದಕ್ಕೆ ಲೆಕ್ಕವೇ ಇಲ್ಲ, ಮರ ಕೆಡವಿ ದಾಟುತ್ತದೆ. ಆನೆ ಹೋದ ರಾತ್ರಿಯ ಮರುದಿನ ಬೆಳಗ್ಗೆಯೇ ಸುತ್ತು ಹಾಕಿ ತುಂಡಾದ ಕಡೆ ಕ್ಲಾಂಪ್ ಹಾಕಿ. ತೆರೆದ ಜಾಗವನ್ನು ಹಂದಿ ಅದೇ ಸಂಜೆ ಪತ್ತೆ ಮಾಡುತ್ತದೆ.