ಮನವಿಗೂ ದೇಣಿಗೆಗೂ ಒಂದೇ ಅಚ್ಚು: ಆನ್‌ಲೈನ್ ಸೇವೆಯೊಂದರ ವಿಮರ್ಶೆ

ಜನಪ್ರತಿನಿಧಿಗಳಿಗೆ ಮನವಿ ಸಲ್ಲಿಸಲು ಸಹಿ ಸಂಗ್ರಹಿಸುವುದಕ್ಕೂ, ಗೆಳೆಯರೆಲ್ಲ ಸೇರಿ ತಮಾಷೆಯಾಗಿ ಏನಾದರೊಂದು ಮಾಡಿ ಸತ್ಕಾರ್ಯಕ್ಕೆ ಹಣ ಕೂಡಿಸುವುದಕ್ಕೂ ಅವಕಾಶವಿರುವ ಆನ್‌ಲೈನ್ ಸೇವೆಯೊಂದನ್ನು ಒಂದು ವರ್ಷದಿಂದ ಬಳಸುತ್ತಿದ್ದೇನೆ. ಎರಡೂ ವಿಭಾಗಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ: ಮೇಲೊಂದು ಚಿತ್ರ, ಕೆಳಗೆ ನಾಲ್ಕು ಮಾತು, ಪಕ್ಕದಲ್ಲಿ ಏರುತ್ತ ಹೋಗುವ ಸಂಖ್ಯೆ. ದೇಣಿಗೆಗೆ ಈ ಅಚ್ಚು ಒಪ್ಪುತ್ತದೆ, ಮನವಿಗೆ ಒಪ್ಪುವುದಿಲ್ಲ.

ಸಾರ್ವಜನಿಕ ಗ್ರಂಥಾಲಯವನ್ನು ಸಂಜೆ ಇನ್ನೆರಡು ಗಂಟೆ ತೆರೆದಿಡಬೇಕೆಂದು ನಾನು ಆರಂಭಿಸಿದ ಮನವಿಗೆ ಆರು ವಾರಗಳಲ್ಲಿ 412 ಸಹಿಗಳು ಬಂದವು. ಅವನ್ನು ಮುದ್ರಿಸಿಕೊಂಡು ನಮ್ಮ ಪ್ರತಿನಿಧಿಯ ಕಚೇರಿಗೆ ಹೋದಾಗ, ಆಪ್ತ ಸಹಾಯಕರು ಹಾಳೆಗಳನ್ನು ಒಂದೊಂದಾಗಿ ತಿರುವಿ, "ಇವರಲ್ಲಿ ನಮ್ಮ ಕ್ಷೇತ್ರದವರು ಎಷ್ಟು ಮಂದಿ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಆ ಹಾಳೆಗಳಲ್ಲಿ ಹೆಸರು ಮತ್ತು ದಿನಾಂಕದ ಹೊರತು ಬೇರೇನೂ ಇರಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ. ಪ್ರತಿನಿಧಿಯಾದವರು ಮೊದಲು ಉತ್ತರ ಕೊಡಬೇಕಾದದ್ದು ತಮ್ಮ ಕ್ಷೇತ್ರದ ಜನರಿಗೆ. ಬ್ರಿಟನ್ ಸಂಸತ್ತಿನ ಮನವಿ ವ್ಯವಸ್ಥೆಯಲ್ಲಿ ಯಾವ ಕ್ಷೇತ್ರದಿಂದ ಎಷ್ಟು ಸಹಿ ಬಂದಿದೆಯೆಂಬುದು ಎಲ್ಲರಿಗೂ ಕಾಣುತ್ತದೆ. 10,000 ಸಹಿಗಳಾದರೆ ಸರ್ಕಾರ ಉತ್ತರಿಸುತ್ತದೆ, 1,00,000 ಆದರೆ ಸಂಸತ್ತಿನಲ್ಲಿ ಚರ್ಚೆಗೆ ಪರಿಗಣಿಸಲಾಗುತ್ತದೆ. ಖಾಸಗಿ ಸೇವೆಯೊಂದು ಚರ್ಚೆಯ ಭರವಸೆ ಕೊಡಲಾರದು, ನಿಜ. ಆದರೆ ಸಹಿ ಹಾಕುವವರ ಕ್ಷೇತ್ರ ಯಾವುದೆಂದು ಕೇಳಿ ದಾಖಲಿಸಲು ಅದಕ್ಕೆ ಅಡ್ಡಿಯೇನಿದೆ?

ಇದಕ್ಕಿಂತ ನನಗೆ ಹೆಚ್ಚು ನೋವಾದದ್ದು ಇನ್ನೊಂದು ಸಂಗತಿಯಿಂದ. ಸಹಿ ಹಾಕಿದ ಕೂಡಲೇ "ಈ ಮನವಿಗೆ ನೆರವಾಗಿ" ಎಂದು ಹಣ ಕೇಳುವ ಪುಟ ತೆರೆದುಕೊಳ್ಳುತ್ತದೆ. ನನ್ನ ಅಕ್ಕ ಆ ಹಣ ಗ್ರಂಥಾಲಯಕ್ಕೆ ಹೋಗುತ್ತದೆಂದು ನಂಬಿ ಪಾವತಿಸಿದರು. ಅದು ಮನವಿಯನ್ನು ಇನ್ನಷ್ಟು ಜನರಿಗೆ ತೋರಿಸುವ ಜಾಹೀರಾತಿನ ಖರ್ಚೆಂಬುದು ಪುಟದ ತಳದಲ್ಲಿ, ಮಸುಕು ಬಣ್ಣದ ಸಣ್ಣ ಅಕ್ಷರಗಳಲ್ಲಿ ಮಾತ್ರ ಇತ್ತು. ನಂಬಿ ಕೊಡುವವರಿಗೆ ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕು.

ದೇಣಿಗೆ ವಿಭಾಗದ ಬಗ್ಗೆ ಮಾತ್ರ ಮನಸಾರೆ ಹೊಗಳಬೇಕು. ಪುರುಷರ ಆರೋಗ್ಯಕ್ಕಾಗಿ ನವೆಂಬರ್ ತಿಂಗಳಿಡೀ ಮೀಸೆ ಬೆಳೆಸುವ ಅಭಿಯಾನ 2003ರಲ್ಲಿ ಮೆಲ್ಬರ್ನ್‌ನ ಮೂವತ್ತು ಮಂದಿಯಿಂದ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದೆ. ಅದನ್ನೇ ಅನುಸರಿಸಿ ನಮ್ಮ ಕಚೇರಿಯ ಏಳು ಜನ ಮೀಸೆ ಬಿಟ್ಟೆವು. ದಿನಕ್ಕೊಂದು ಫೋಟೊ ಏರಿಸುವುದು, ಯಾರ ಹೆಸರಿನಲ್ಲಿ ಎಷ್ಟು ಬಂತೆಂದು ತೋರಿಸುವುದು, ಹಣ ಆಸ್ಪತ್ರೆಯ ಖಾತೆಗೆ ಸಂದಾಯವಾದ ದಿನವೇ ಕೊಟ್ಟವರೆಲ್ಲರಿಗೂ ರಸೀದಿ ಕಳುಹಿಸುವುದು, ಇವೆಲ್ಲ ಒಂದಿಷ್ಟೂ ತೊಡಕಿಲ್ಲದೆ ನಡೆದವು. ಮೂರನೆಯ ವಾರ, ಯಾವಾಗಲೂ ಮೌನವಾಗಿರುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಫೋಟೊದ ಕೆಳಗೆ, ತಾವು ಪ್ರಾಸ್ಟೇಟ್ ಪರೀಕ್ಷೆಯನ್ನು ಎರಡು ವರ್ಷ ಮುಂದೂಡಿ ಕೊನೆಗೂ ಮಾಡಿಸಿಕೊಂಡದ್ದನ್ನು ಬರೆದರು. ಆ ಸಾಲುಗಳನ್ನು ಓದಿ ನಮ್ಮಲ್ಲಿ ಇಬ್ಬರು ವೈದ್ಯರನ್ನು ಕಂಡುಬಂದರು.

ಇಂಥ ಮೋಜನ್ನು ಹಗುರವಾಗಿ ಕಾಣುವುದನ್ನು ನಾನು ಒಪ್ಪಲಾರೆ. 2014ರಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಂಡ ಜನರಿಂದ ಸ್ನಾಯುಗಳನ್ನು ನಿಯಂತ್ರಿಸುವ ನರಕೋಶಗಳು ನಾಶವಾಗುತ್ತ ಹೋಗುವ ಎಎಲ್ಎಸ್ ಎಂಬ ಕಾಯಿಲೆಗಾಗಿ ದುಡಿಯುವ ಅಮೆರಿಕದ ಸಂಸ್ಥೆಗೆ ಸುಮಾರು 11.5 ಕೋಟಿ ಡಾಲರ್ ಬಂದಿತು. ಆ ಹಣದ ನೆರವು ಪಡೆದ ಸಂಶೋಧಕರು 2016ರಲ್ಲಿ ಆ ಕಾಯಿಲೆಗೆ ಸಂಬಂಧಿಸಿದ ಜೀನ್ ಒಂದನ್ನು ಗುರುತಿಸಿದರು.

ದೇಣಿಗೆ ಸಂಗ್ರಹಕ್ಕೆ ಈ ಸೇವೆಯನ್ನು ಧೈರ್ಯವಾಗಿ ಬಳಸಬಹುದು. ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಮನವಿ ವಿಭಾಗಕ್ಕೆ ಎರಡೇ ಅಂಕ. ಅದನ್ನೇ ಬಳಸುವುದಾದರೆ ಸಹಿ ಹಾಕುವವರೆಲ್ಲ ಟಿಪ್ಪಣಿಯ ಜಾಗದಲ್ಲಿ ತಮ್ಮ ಕ್ಷೇತ್ರದ ಹೆಸರು ಬರೆಯಬೇಕೆಂದು ಆರಂಭದಲ್ಲೇ ವಿನಂತಿಸಿಕೊಳ್ಳಿ. ನಾನು ಎರಡನೆಯ ಬಾರಿ ಹಾಗೆ ಮಾಡಿ, 138 ಹೆಸರುಗಳ ಪಟ್ಟಿಯೊಂದಿಗೆ ಅದೇ ಕಚೇರಿಗೆ ಹೋದೆ. ಆಪ್ತ ಸಹಾಯಕರು ಅದನ್ನು ಪೂರ್ತಿ ಓದಿ, ಪ್ರತಿನಿಧಿಯ ಭೇಟಿಗೆ ದಿನ ಗೊತ್ತುಮಾಡಿ ಕೊಟ್ಟರು.